ಅವರೆ ಸಿಪ್ಪೆಗೆ ಬಂದ ನೆರೆಹೊರೆ

“ಚಿಂತಾಮಣಿ ಪೇಟೆಯಲ್ಲಿ ನನಗೆ ಗೊತ್ತಾಗದೆ ಒಂದು ನರಪಿಳ್ಳೆ ಸೀನೋಕಾಗಲ್ಲ ಕಣಯ್ಯಾ!”

ಹಿಟ್ಟಿನ ಮಿಲ್ಲಿನ ವೆಂಕಟರವಣಪ್ಪ ಈ ಮಾತನ್ನು ದಿನಕ್ಕೊಮ್ಮೆಯಾದರೂ ಹೇಳದಿದ್ದರೆ ಅವನಿಗೆ ತಿಂದ ಮುದ್ದೆ ಕರಗುತ್ತಿರಲಿಲ್ಲ. ಸೀನು ಕೇಳಿಸುತ್ತದೆ ಎಂದಷ್ಟೇ ಅಲ್ಲ. ಸೀನಿದ್ದು ಯಾರು, ಯಾವ ಮನೆಯವರು, ಮೂಗಿಗೇರಿದ್ದು ಗುಂಟೂರು ಮೆಣಸಿನಕಾಯೋ ಬ್ಯಾಡಗಿಯೋ, ಅದನ್ನು ತೊಟ್ಟು ಬಿಡಿಸಿ ತಂದಿದ್ದರೋ ಸೋಮಾರಿತನಕ್ಕೆ ಹಾಗೇ ತಂದಿದ್ದರೋ, ಎಲ್ಲವನ್ನೂ ಕೂತಲ್ಲೇ ಹೇಳುತ್ತೇನೆ ಎಂಬುದು ಅವನ ಪಂಥ. ಒಮ್ಮೆ ಬೀದಿಯಲ್ಲಿ ಹೋಗುತ್ತಿದ್ದ ಬಸ್ಸಿನೊಳಗೆ ಯಾರೋ ಸೀನಿದ್ದು ಕೇಳಿ, “ಇವರು ಕೈವಾರದ ಕಡೆಯವರು, ಖಾರದ ಪುಡಿಗೆ ಧನಿಯಾ ಜಾಸ್ತಿ ಹಾಕ್ತಾರೆ” ಅಂದನಂತೆ. ಬಸ್ಸು ನಿಲ್ಲಿಸಿ ವಿಚಾರಿಸಿದರೆ ನಿಜವಂತೆ. ಬಸ್ಸು ನಿಲ್ಲಿಸಿದವರು ಯಾರು, ವಿಚಾರಿಸಿದವರು ಯಾರು ಎಂದು ಮಾತ್ರ ಇಂದಿನವರೆಗೆ ಒಬ್ಬರೂ ಕೇಳಿಲ್ಲ. ಅಷ್ಟು ಚೆಂದದ ಸುಳ್ಳಿಗೆ ಸಾಕ್ಷಿ ಕೇಳುವುದು ಪೇಟೆಯವರ ಮರ್ಯಾದೆಗೆ ಒಗ್ಗುವುದಿಲ್ಲ.

ಮುಂದುಗಡೆ ಮಿಲ್ಲು, ಹಿಂದುಗಡೆ ಮನೆ. ಅಡುಗೆಮನೆಯ ಒಂದು ಗೋಡೆ ಮಿಲ್ಲಿಗೆ ಸೇರಿದ್ದು, ಇನ್ನೊಂದು ಗೋಡೆ ಪಕ್ಕದ ಕಡಲೆಪುರಿ ಅಂಗಡಿ ಕೋನಪ್ಪನ ಮನೆಗೆ ಸೇರಿದ್ದು. ಮೋಟಾರು ಹಾಕಿದರೆ ಮನೆಯ ಲೋಟಗಳೆಲ್ಲ ಕುಣಿಯುತ್ತಿದ್ದವು, ಗೋಡೆಯಲ್ಲಿದ್ದ ದೇವರ ಪಟಗಳು ತಲೆದೂಗುತ್ತಿದ್ದವು. ಹಿಟ್ಟಿನ ಧೂಳು ಮಂಜಿನ ಹಾಗೆ ಒಳಗೂ ಹೊರಗೂ ಇಳಿಯುತ್ತಿತ್ತು. ವೆಂಕಟರವಣಪ್ಪನ ಹುಬ್ಬು ಕಪ್ಪಗಿದೆ ಎಂಬುದಕ್ಕೆ ಮದುವೆ ಫೋಟೋ ಒಂದೇ ಆಧಾರ. ಮಗಳು ಶಿರೀಷಾ ಸ್ಕೂಲಿಗೆ ಸೇರುವ ತನಕ ಅಪ್ಪಂದಿರೆಂದರೆ ಬಿಳಿ ಹುಬ್ಬಿನವರೇ ಎಂದುಕೊಂಡಿದ್ದಳು.

ಚಳಿ ಬಿದ್ದು ಅವರೆಕಾಯಿ ಬಂತೆಂದರೆ ಆ ಬೀದಿಗೆ ಇನ್ನೊಂದು ಹುಚ್ಚು. ನೆನೆಸಿದ ಕಾಳನ್ನು ಎರಡು ಬೆರಳಿನ ನಡುವೆ ಹಿತುಕಿ, ಬೇಳೆಯನ್ನು ಪಾತ್ರೆಗೆ ಹಾರಿಸಿ, ಸಿಪ್ಪೆಯನ್ನು ಬುಟ್ಟಿ ತುಂಬಿಸಿ, ಆ ಬುಟ್ಟಿಯನ್ನು ಬಾಗಿಲ ಮುಂದೆ ಬೀದಿಗೆ ಸುರಿಯುವುದು. ಕಸದ ಗಾಡಿ ಬೆಳಿಗ್ಗೆ ಹಾಡು ಹಾಕಿಕೊಂಡು ಬಂದು ಮನೆ ಮುಂದೆಯೇ ನಿಂತರೂ ಸಿಪ್ಪೆ ನೇರ ಗಾಡಿಗೆ ಹೋಗಕೂಡದು. ಮೊದಲು ನಾಲ್ಕು ಜನ ನೋಡಬೇಕು, “ಓಹೋ, ಇವರ ಮನೇಲಿ ನಿನ್ನೆ ಹಿತಕಿದ ಬೇಳೆ ಸಾರು” ಅನ್ನಬೇಕು. ಗುಡ್ಡೆ ಎಷ್ಟು ದೊಡ್ಡದೋ ಮನೆತನ ಅಷ್ಟು ದೊಡ್ಡದು. ಕೋನಪ್ಪ ಒಂದು ವರ್ಷ ಪಕ್ಕದ ಬೀದಿಯಿಂದ ಸಿಪ್ಪೆ ಹೊರಿಸಿಕೊಂಡು ಬಂದು ತನ್ನ ಬಾಗಿಲಿಗೆ ಹಾಕಿಸಿ ಸಿಕ್ಕಿಬಿದ್ದಿದ್ದ. ವೆಂಕಟರವಣಪ್ಪ ಅದನ್ನು ಅವನ ಮಗಳ ಮದುವೆಯ ಚಪ್ಪರದಲ್ಲೂ ಎತ್ತಾಡಿದ್ದ.

ಇಂಥ ಬೀದಿಯನ್ನು ಬಿಡಿ ಎಂದು ಡಾಕ್ಟರು ಹೇಳಿಬಿಟ್ಟರು.

ಹೆಂಡತಿ ಆಂಜಿನಮ್ಮನಿಗೆ ಕೆಮ್ಮಿತ್ತು. ಆದರೆ ಆ ಬೀದಿಯಲ್ಲಿ ಕೆಮ್ಮಿಲ್ಲದವರು ಯಾರು? ಖಾರದ ಪುಡಿ ಬೀಸುವ ದಿನ ಎದುರು ಮನೆ ನಾಯಿಯೂ ಕೆಮ್ಮುತ್ತಿತ್ತು. ಈ ಸಲ ದಸರಾಕ್ಕೆ ಬಂದ ಶಿರೀಷಾ, ಚಿಕ್ಕಬಳ್ಳಾಪುರದಲ್ಲಿ ಲ್ಯಾಬ್ ಕೆಲಸದಲ್ಲಿರುವವಳು, ಅಮ್ಮ ಎರಡು ಬಿಂದಿಗೆ ನೀರು ತರಲು ಮೂರು ಕಡೆ ಕೂತದ್ದನ್ನು ನೋಡಿ ಎಳೆದುಕೊಂಡು ಹೋಗಿ ತೋರಿಸಿದಳು. ಡಾಕ್ಟರು ಎದೆಗೆ ಕೊಳವೆಯಿಟ್ಟು ಕೇಳಿ, ಬಾಯಿಗಿಟ್ಟು ಉಸಿರೆಳೆದುಕೊಳ್ಳುವ ಒಂದು ಪಂಪು ಕೊಟ್ಟು, ವೆಂಕಟರವಣಪ್ಪನ ಹುಬ್ಬನ್ನೇ ನೋಡುತ್ತಾ ಹೇಳಿದರು:

“ಇವರಿಗೆ ಹಿಟ್ಟಿನ ಧೂಳು ಆಗ್ತಾ ಇಲ್ಲ. ಜಾಗ ಬದಲಾಯಿಸಿ.”

“ಸಾರ್, ಮಿಲ್ಲಿಗೂ ಮನೆಗೂ ಮಧ್ಯ ಒಂದು ದಪ್ಪನೆ ಪರದೆ ಕಟ್ಟಿದ್ರೆ?”

“ಕಟ್ಟಿ. ಕಟ್ಟಿ ಆದ್ಮೇಲೆ ಜಾಗ ಬದಲಾಯಿಸಿ.”

ಜಾಗವೇನೋ ಇತ್ತು. ಊರಾಚೆ ಶಿಡ್ಲಘಟ್ಟದ ರಸ್ತೆಯಲ್ಲಿ ಮಯೂರ ಹಿಲ್ ವ್ಯೂ ಲೇಔಟ್ ಎಂಬ ಬಯಲಿನಲ್ಲಿ ಬಾಡಿಗೆಗೆಂದು ಕಟ್ಟಿಸಿದ್ದ ಒಂದು ಸಣ್ಣ ಮನೆ. ಬಾಡಿಗೆಗೆ ಬಂದವರೆಲ್ಲ ಆರಾರು ತಿಂಗಳಿಗೆ “ಪೇಟೆ ದೂರ ಆಗ್ತದೆ” ಎಂದು ಬಿಟ್ಟು ಹೋಗಿದ್ದರು. ಈಗ ಬ್ಯಾಂಕಿನ ಸುನೀಲ್‌ಕುಮಾರ್ ಎಂಬ ಹುಡುಗ ಕೇಳುತ್ತಿದ್ದ. ಸಂಕ್ರಾಂತಿಯೊಳಗೆ ಹೂಂ ಅಥವಾ ಉಹೂಂ ಹೇಳಬೇಕು, ಇಲ್ಲದಿದ್ದರೆ ಬೇರೆ ಕಡೆ ನೋಡಿಕೊಳ್ಳುತ್ತೇನೆ ಎಂದಿದ್ದ.

“ಅಪ್ಪಾ, ಯೋಚನೆ ಮಾಡೋದೇನಿದೆ? ನೀವಿಬ್ರು ಅಲ್ಲಿರಿ, ನೀನು ದಿನಾ ಮಿಲ್ಲಿಗೆ ಬಂದು ಹೋಗು. ಬೈಕಲ್ಲಿ ಹತ್ತು ನಿಮಿಷ” ಎಂದಳು ಶಿರೀಷಾ.

ಹೇಳುವುದು ಸುಲಭ. ವೆಂಕಟರವಣಪ್ಪ ಸಲಹೆಗೆಂದು ಕೋನಪ್ಪನ ಅಂಗಡಿಗೆ ಹೋದ. ಕೋನಪ್ಪ ಪುರಿ ಚೀಲದ ಮೇಲೆ ಕೂತು ಬಹಳ ಹೊತ್ತು ಯೋಚಿಸಿ, ಒಂದೇ ಮಾತಿನಲ್ಲಿ ಗೆಳೆಯನ ನಿದ್ದೆಯನ್ನು ಒಂದು ತಿಂಗಳಿಗಾಗುವಷ್ಟು ಕಿತ್ತುಕೊಂಡ:

“ಬಯಲಲ್ಲಿ ಉಸಿರಾಡೋಕೆ ಗಾಳಿ ಬೇಕಾದಷ್ಟೈತಪ್ಪ. ಒಪ್ಪಿದೆ. ಉಸಿರು ನಿಂತ್ರೆ ಓಡಿ ಬರೋರು ಯಾರವ್ರೆ?”

ಆ ಮಾತು ವೆಂಕಟರವಣಪ್ಪನ ಹೊಟ್ಟೆಗಿಳಿದು ಅಲ್ಲೇ ಗೂಡು ಕಟ್ಟಿತು. ಇಲ್ಲಿದ್ದರೆ ಧೂಳು ಅವಳನ್ನು ದಿನಾ ಅಷ್ಟಷ್ಟೇ ತಿನ್ನುತ್ತದೆ. ಅಲ್ಲಿ ಹೋದರೆ, ತಾನು ಮಿಲ್ಲಿನಲ್ಲಿರುವ ಒಂದು ಮಧ್ಯಾಹ್ನ ಅವಳಿಗೆ ಉಬ್ಬಸ ಬಂದು, ಕೂಗಲು ದನಿ ಏಳದೆ, ಎದ್ದರೂ ಕೇಳುವವರಿಲ್ಲದೆ... ಅಲ್ಲಿಂದ ಮುಂದಕ್ಕೆ ಯೋಚಿಸಲು ಅವನಿಗೆ ಆಗುತ್ತಿರಲಿಲ್ಲ. ಹಿಂದಕ್ಕೆ ಬಂದರೆ ಧೂಳು. ಹೀಗೆ ಹೋಗಿ ಬಂದು ಹೋಗಿ ಬಂದು ಅವನ ತಲೆಯೇ ಒಂದು ಬೀಸುವ ಕಲ್ಲಾಗಿ, ಯಾರದೋ ರಾಗಿಗೆ ಯಾರದೋ ಗೋಧಿ ಬೆರೆಸಿ ಬೀಸಿ ಬೈಸಿಕೊಂಡ.

ಕೊನೆಗೆ ಶಿರೀಷಾಳೇ ದಾರಿ ತೋರಿಸಿದಳು. ಸಂಕ್ರಾಂತಿಯವರೆಗೆ ಅಲ್ಲಿ ಇದ್ದು ನೋಡಿ, ಆಮೇಲೆ ಹೇಳಿ. ಆದರೆ ಅದು ಧನುರ್ಮಾಸ. ಶೂನ್ಯಮಾಸದಲ್ಲಿ ಮನೆ ಬದಲಾಯಿಸುವುದುಂಟೆ? ವೆಂಕಟರವಣಪ್ಪ ಇದಕ್ಕೂ ಉಪಾಯ ಕಂಡುಕೊಂಡ. “ನಾವು ಮನೆ ಬದಲಾಯಿಸ್ತಾ ಇಲ್ಲ, ನೆಂಟರ ಮನೆಗೆ ಹೋಗ್ತಾ ಇದೀವಿ” ಎಂದು ಬೀದಿಗೆಲ್ಲ ಸಾರಿದ. ನೆಂಟರೆಂದ ಮೇಲೆ, ಮನೆ ಬದಲಾಯಿಸುವವರು ಮೊದಲು ಒಯ್ಯುವ ಉಪ್ಪಿನ ಜಾಡಿಯನ್ನು ಹೊತ್ತುಕೊಂಡು ಹೋಗುವಂತಿಲ್ಲ. ಜಾಡಿ ಪೇಟೆಯಲ್ಲೇ ಉಳಿಯಿತು. ಆಂಜಿನಮ್ಮ ಸ್ವಂತ ಮನೆಯಲ್ಲಿ ಅಡುಗೆ ಮಾಡಲು ಉಪ್ಪನ್ನು ಸಾಲ ತಂದವಳ ಹಾಗೆ ಪೇಪರಿನಲ್ಲಿ ಕಟ್ಟಿಕೊಂಡು ಹೋದಳು.

ಲೇಔಟಿನಲ್ಲಿ ಸೈಟುಗಳು ಲೆಕ್ಕವಿಲ್ಲದಷ್ಟು, ಮನೆಗಳು ಹನ್ನೆರಡೋ ಹದಿಮೂರೋ. ಒಂದೊಂದೂ ಬಣ್ಣ ಬಳಿದುಕೊಂಡು, ಗೇಟು ಹಾಕಿಕೊಂಡು, ಪಕ್ಕದ ಮನೆಯ ಜೊತೆ ಮಾತು ಬಿಟ್ಟವರ ಹಾಗೆ ದೂರ ದೂರ ನಿಂತಿದ್ದವು. ಮಧ್ಯದ ಖಾಲಿ ಸೈಟುಗಳಲ್ಲಿ ಜಾಲಿ ಗಿಡ. ಆ ಕಡೆ ಅಂಬಾಜಿದುರ್ಗದ ಗುಡ್ಡ ಯಾರಿಗೂ ಏನೂ ಹೇಳದೆ ಕೂತಿತ್ತು. ಸಂಜೆ ಮೋಟಾರಿನ ಸದ್ದಿಲ್ಲ, ಪುರಿ ಹುರಿಯುವ ಸದ್ದಿಲ್ಲ, ಒಂದು ಸೀನಿಲ್ಲ. ಅಷ್ಟು ನಿಶ್ಶಬ್ದದಲ್ಲಿ ವೆಂಕಟರವಣಪ್ಪನಿಗೆ ತನ್ನ ಕಣ್ಣು ರೆಪ್ಪೆ ಹೊಡೆಯುವುದು ಬಾಗಿಲು ಬಡಿದ ಹಾಗೆ ಕೇಳಿಸಿತು. ಎರಡು ಸಲ ಎದ್ದು ಹೋಗಿ ಬಾಗಿಲು ತೆಗೆದೂ ನೋಡಿದ.

“ಯಾರೂ ಇಲ್ಲ ಕಣೇ.”

“ಯಾರಾದ್ರೂ ಬರ್ತೀನಿ ಅಂದಿದ್ರಾ?” ಎಂದಳು ಆಂಜಿನಮ್ಮ.

ಅವಳೇನೋ ಹಾಯಾಗಿದ್ದಳು. ಅದೇ ತೊಂದರೆ. ವಾರ ಕಳೆಯುವುದರೊಳಗೆ ತಾರಸಿಯ ಮೆಟ್ಟಿಲನ್ನು ಎಲ್ಲೂ ಕೂರದೆ ಹತ್ತಿ ಬಟ್ಟೆ ಒಣಹಾಕಿ ಬಂದಳು. ಬಂದು, ಯಾವುದೋ ಸೋಬಾನೆ ಪದದ ಒಂದು ಸಾಲನ್ನು ಉಸಿರು ತುಂಡಾಗದೆ ಪೂರ್ತಿ ಹೇಳಿಕೊಂಡಳು. ಕೇಳಿದ ವೆಂಕಟರವಣಪ್ಪನಿಗೆ ಸಂತೋಷಕ್ಕಿಂತ ಮೊದಲು ಹೆದರಿಕೆಯಾಯಿತು. ಇಲ್ಲಿ ಚೆನ್ನಾಗಿದ್ದಾಳೆ, ಅಂದರೆ ಇಲ್ಲೇ ಬಿಟ್ಟು ಹೋಗಬೇಕು, ಅಂದರೆ ಕೋನಪ್ಪನ ಮಾತು.

ತಾನು ಮಿಲ್ಲಿಗೆ ಹೋದಾಗ ಅವಳ ಸುದ್ದಿ ತಿಳಿಯಲು ಒಂದು ಏರ್ಪಾಟು ಮಾಡಿದ. ಮಿಲ್ಲಿನ ಸದ್ದಿನಲ್ಲಿ ಫೋನಿನ ಮಾತು ಕೇಳದು. ಆದ್ದರಿಂದ ಗಂಟೆಗೊಂದು ಮಿಸ್ಡ್ ಕಾಲ್. ಬಂದರೆ ಚೆನ್ನಾಗಿದ್ದಾಳೆಂದು ಅರ್ಥ. ಫೋನನ್ನು ನಡುಗುವ ಹಾಗೆ ಇಟ್ಟು ಎದೆಯ ಜೇಬಿಗೆ ಹಾಕಿಕೊಂಡ. ಏರ್ಪಾಟು ಬೊಂಬಾಟಾಗಿ ನಡೆಯಿತು. ಜೇಬು ದಿನವಿಡೀ ನಡುಗುತ್ತಿತ್ತು.

“ಗಂಟೆಗೊಂದು ಸಾಕು ಕಣೇ, ಯಾಕೆ ಅಷ್ಟೊಂದು ಕೊಡ್ತೀಯ?” ಎಂದ ಒಂದು ಸಂಜೆ.

“ಗಂಟೆಗೊಂದೇ ಕೊಡೋದು ನಾನು.”

ನಾಚಿಕೆಗೆ ಹಾಗನ್ನುತ್ತಾಳೆ ಅಂದುಕೊಂಡು ವೆಂಕಟರವಣಪ್ಪ ಒಳಗೊಳಗೇ ಉಬ್ಬಿದ.

ಆದರೂ ಮುಖ್ಯ ಪ್ರಶ್ನೆ ಹಾಗೇ ಇತ್ತು. ಆ ಮುಚ್ಚಿದ ಗೇಟುಗಳ ಹಿಂದೆ ಮನುಷ್ಯರಿದ್ದಾರೋ ಇಲ್ಲವೋ? ಅವನು ಹೊರಡುವಾಗಲೂ ಗೇಟು ಮುಚ್ಚಿರುತ್ತಿತ್ತು, ಬರುವಾಗಲೂ ಮುಚ್ಚಿರುತ್ತಿತ್ತು. ಹೋಗಿ ತಟ್ಟಿ “ಒಳಗೆ ಯಾರಾದ್ರೂ ಇದೀರಾ?” ಎಂದು ಕೇಳುವುದು ಕಳ್ಳರ ಕೆಲಸ. ಪೇಟೆಯವನ ತಲೆಗೆ ಪೇಟೆಯ ಉಪಾಯವೇ ಹೊಳೆಯಿತು.

ಅವರೆ ಸಿಪ್ಪೆ!

ಆ ದಿನ ಆಂಜಿನಮ್ಮನ ಕೈಲಿ ಎರಡು ದಿನಕ್ಕಾಗುವಷ್ಟು ಬೇಳೆ ಹಿತುಕಿಸಿದ. ತಾನೂ ಕೂತು ಹಿತುಕಿದ. ಅವನು ಹಿತುಕಿದ ಬೇಳೆ ಪಾತ್ರೆ ಬಿಟ್ಟು ಸೀಲಿಂಗಿನವರೆಗೂ ಹೋಯಿತು, ಆ ಮಾತು ಬೇರೆ. ಕತ್ತಲಾಗುವ ಮುಂಚೆ ಬುಟ್ಟಿ ಹಿಡಿದು ಹೊರಟು ಪ್ರತಿ ಗೇಟಿನ ಮುಂದೆಯೂ ಒಂದೊಂದು ಬೊಗಸೆ ಸಿಪ್ಪೆ ಸುರಿದು ಬಂದ. ಲೆಕ್ಕ ಸರಳ. ಹೆಂಗಸಿರುವ ಯಾವ ಮನೆಯೂ ಬಾಗಿಲ ಮುಂದೆ ಕಂಡವರ ಸಿಪ್ಪೆಯನ್ನು ಬೆಳಿಗ್ಗೆಯವರೆಗೆ ಬಿಡುವುದಿಲ್ಲ. ಗುಡಿಸಿದ ಕಡೆ ಜನ ಇದ್ದಾರೆ, ಗುಡಿಸದ ಕಡೆ ಇಲ್ಲ.

ಬೆಳಿಗ್ಗೆ ಎದ್ದವನೇ ಹೋಗಿ ನೋಡುತ್ತಾನೆ, ಒಂದು ಗೇಟಿನ ಮುಂದೆಯೂ ಒಂದು ಸಿಪ್ಪೆಯಿಲ್ಲ! ನೆಲ ನಾಲಿಗೆಯಲ್ಲಿ ನೆಕ್ಕಿದ ಹಾಗಿತ್ತು.

ವೆಂಕಟರವಣಪ್ಪ ಆ ದಿನ ಮಿಲ್ಲಿಗೆ ಹೋದದ್ದಲ್ಲ, ಹಾರಿದ್ದು. “ಕೋನಪ್ಪಾ, ಎಲ್ಲಾ ಮನೇಲೂ ಜನ ಅವ್ರೆ ಕಣೋ! ಅದೂ ಎಂಥ ಶುದ್ಧದ ಜನ! ನಮ್ಮ ಬೀದಿಯೋರು ಸಿಪ್ಪೆ ಗುಡಿಸೋಕೆ ಮಧ್ಯಾಹ್ನ ಮಾಡ್ತೀರ, ಅವರು ಕಣ್ಣು ಬಿಡೋದ್ರೊಳಗೆ ಗುಡಿಸಿ ಒರೆಸಿಟ್ಟವ್ರೆ. ನಮ್ಮೋಳು ಒಂದ್ಸಲ ಕೆಮ್ಮಿದ್ರೆ ಸಾಕು, ಹದಿಮೂರು ಮನೆಯೋರು ಓಡಿ ಬರ್ತಾರೆ!”

ಸಂಜೆ ಅದೇ ಉಮೇದಿನಲ್ಲಿ ಮನೆಗೆ ಬಂದು ಹೆಂಡತಿಗೂ ಹೇಳಿದ. ಆಂಜಿನಮ್ಮ ಸಾರಿಗೆ ಒಗ್ಗರಣೆ ಹಾಕುತ್ತಾ ಕೇಳಿಸಿಕೊಂಡಳು.

“ಆ ಮೂಲೆ ಮನೆ ಮುಂದೇನೂ ಹಾಕಿದ್ರಾ?”

“ಹಾಕದೆ ಇರ್ತೀನಾ?”

“ಅಲ್ಲೂ ಗುಡಿಸಿದ್ರಾ?”

“ಕನ್ನಡಿ ಕನ್ನಡಿ!”

“ಆ ಮನೆಗೆ ಇನ್ನೂ ಬಾಗಿಲೇ ಇಟ್ಟಿಲ್ಲವಲ್ರೀ. ಮೇಲೆ ಸೂರೂ ಇಲ್ಲ. ಯಾರು ಗುಡಿಸಿದ್ರು?”

ವೆಂಕಟರವಣಪ್ಪನ ಉಮೇದು ಸೂಜಿ ತಗುಲಿದ ಬಲೂನಾಯಿತು. ಮಾರನೇ ಬೆಳಿಗ್ಗೆ ಕಿಟಕಿಯಲ್ಲಿ ಕೂತು ಕಾದ. ಹೊತ್ತೇರುತ್ತಿದ್ದ ಹಾಗೆ ಅವನ ಹದಿಮೂರು ಮನೆಗಳ ಒಬ್ಬಳೇ ಒಬ್ಬಳು ಗುಡಿಸುವವಳು ತಲೆಯಾಡಿಸುತ್ತಾ ಬಂದಳು. ಕಪ್ಪು ಬಿಳಿ ಮಚ್ಚೆಯ ಸೀಮೆಹಸು. ಗೇಟಿನಿಂದ ಗೇಟಿಗೆ ಹೋಗಿ ಮೂಸಿ, ಇವತ್ತು ಏನೂ ಇಲ್ಲವೆಂದು ಕಂಡು, ಇವನ ಕಿಟಕಿಯ ಕೆಳಗೆ ಬಂದು, ಸಾಲ ಕೊಟ್ಟವರ ಹಾಗೆ ನೋಡುತ್ತಾ ನಿಂತಿತು.

ಅದರ ಹಿಂದೆಯೇ ಕೋಲು ಹಿಡಿದು ಒಬ್ಬ ಮುದುಕಿ. ಲೇಔಟಿನ ಅಂಚಿನ ಹಳ್ಳಿಯ ಕದಿರಮ್ಮ. ಖಾಲಿ ಸೈಟುಗಳಲ್ಲಿ ಹಸು ಮೇಯಿಸುವವಳು.

“ಏಮಪ್ಪಾ, ಮೊನ್ನೆ ಅವರೆ ಸಿಪ್ಪೆ ಹಾಕಿದ್ದು ನೀನೇನಾ?” ಎಂದು ಜೋರಾಗಿ ಕೇಳಿದಳು. “ಯಾರೋ ಪುಣ್ಯಾತ್ಮ ಮನೆ ಮನೆ ಮುಂದೆ ಬಡಿಸಿಟ್ಟವ್ನೆ ಅಂತ ನಮ್ಮ ಚಂದ್ರಿ ಅವತ್ತಿಂದ ಹುಲ್ಲೇ ಮುಟ್ಟಾಕಿಲ್ಲ!”

“ಈ ಮನೆಗಳಲ್ಲಿ ಜನ ಇಲ್ವೇನಮ್ಮ?”

“ಅವ್ರೆ, ಅವ್ರೆ. ಕತ್ತಲಾಗೆ ಹೋಗ್ತಾರೆ, ಕತ್ತಲಾಗೆ ಬರ್ತಾರೆ. ನಾನೂ ಅವ್ರನ್ನ ಕಂಡಿಲ್ಲ, ಅವ್ರೂ ಅವ್ರ ಮನೇನ ಬೆಳಕಲ್ಲಿ ಕಂಡಂಗಿಲ್ಲ.”

ಹಗಲು ಹೊತ್ತು ಲೇಔಟಿನಲ್ಲಿ ಇರುವುದು ಆಂಜಿನಮ್ಮ, ಒಂದು ಮುದುಕಿ, ಒಂದು ಹಸು. ವೆಂಕಟರವಣಪ್ಪನ ಹೊಟ್ಟೆಯೊಳಗಿನ ಕೋನಪ್ಪ ಎದ್ದು ಕೂತ. ಸಂಜೆ ಹೆಂಡತಿಯ ಮುಖ ನೋಡದೆ, ಗುಡ್ಡದ ಕಡೆ ನೋಡುತ್ತಾ ಹೇಳಿದ:

“ಸಂಕ್ರಾಂತಿ ಆಗ್ಲಿ. ಆ ಬ್ಯಾಂಕಿನ ಹುಡುಗನಿಗೆ ಬೀಗದ ಕೈ ಕೊಟ್ಟು ಪೇಟೆಗೆ ಹೋಗಣ. ಪರದೆ ಕಟ್ಟಿಸ್ತೀನಿ. ದಪ್ಪಂದು.”

ಆಂಜಿನಮ್ಮ ಹಿತುಕುತ್ತಿದ್ದ ಕಾಳನ್ನು ಹಿತುಕುತ್ತಲೇ ಇದ್ದಳು. ಆಮೇಲೆ ದಿನಾ ಬೆಳಿಗ್ಗೆ ಬುಟ್ಟಿ ಸಿಪ್ಪೆಯನ್ನು ಗೇಟಿನಾಚೆ ಸುರಿಯುವುದು, ಚಂದ್ರಿ ಬಂದು ತಿನ್ನುವುದು, ಕದಿರಮ್ಮ ಗೇಟಿಗೊರಗಿ ತೆಲುಗು ಅರ್ಧ ಕನ್ನಡ ಅರ್ಧ ಮಾತಾಡಿ ಹೋಗುವುದು ವಾಡಿಕೆಯಾಯಿತು. ವೆಂಕಟರವಣಪ್ಪನಿಗೆ ಅದನ್ನು ನೋಡಿದರೆ ಸಂಕಟ. ಊರಿಗೆಲ್ಲ ಕಾಣುವ ಹಾಗೆ ಸಿಪ್ಪೆ ಹಾಕಿದ ಮನೆತನ, ಈಗ ಒಂದು ಹಸುವಿನ ಮುಂದೆ ದೊಡ್ಡಸ್ತಿಕೆ ತೋರಿಸುವ ಹಾಗಾಯಿತಲ್ಲ!

ಸಂಕ್ರಾಂತಿಯ ಹಿಂದಿನ ದಿನ ಬಂತು. ಮಿಲ್ಲಿನಲ್ಲಿ ಕಾಲಿಡಲು ಜಾಗವಿಲ್ಲ. ಅಕ್ಕಿ, ರಾಗಿ, ಖಾರ, ಎಲ್ಲರಿಗೂ ಇವತ್ತೇ ಬೇಕು. ಡಬ್ಬಗಳ ಸಾಲು ಕೋನಪ್ಪನ ಅಂಗಡಿ ದಾಟಿ ಬಸ್‌ಸ್ಟ್ಯಾಂಡಿನವರೆಗೆ ಹೋಗಿತ್ತು ಎಂದು ವೆಂಕಟರವಣಪ್ಪನೇ ಆಮೇಲೆ ಹೇಳಿದ್ದು, ಅದರಲ್ಲಿ ಅರ್ಧ ನಂಬಿದರೆ ಸಾಕು. ಕೈ ತುಂಬ ಹಿಟ್ಟು, ಕಣ್ಣು ತುಂಬ ಖಾರ. ಆದರೆ ಮನಸ್ಸು ಒಂದು ಕಡೆ ನೆಮ್ಮದಿಯಾಗಿತ್ತು. ಎದೆಯ ಜೇಬು ಬೆಳಿಗ್ಗೆಯಿಂದ ಬಿಡದೆ ನಡುಗುತ್ತಿತ್ತು. ಚೆನ್ನಾಗಿದ್ದಾಳೆ, ಚೆನ್ನಾಗಿದ್ದಾಳೆ, ಚೆನ್ನಾಗಿದ್ದಾಳೆ.

ಮಧ್ಯಾಹ್ನ ಕರೆಂಟು ಹೋಯಿತು.

ಮೋಟಾರು ಒಂದು ನಿಟ್ಟುಸಿರು ಬಿಟ್ಟು ನಿಂತಿತು. ನೆಲ ನಿಂತಿತು, ಗೋಡೆ ನಿಂತಿತು. ಅದರ ಜೊತೆಗೆ ಅವನ ಎದೆಯ ಜೇಬೂ ನಡುಗುವುದನ್ನು ನಿಲ್ಲಿಸಿತು.

ವೆಂಕಟರವಣಪ್ಪ ಜೇಬಿನ ಮೇಲೆ ಕೈಯಿಟ್ಟು ನೋಡಿದ. ಹಿಟ್ಟಿನ ಕೈಯಲ್ಲೇ ಫೋನು ತೆಗೆದ. ಆಂಜಿನಮ್ಮನ ಕಾಲ್ ಬೆಳಿಗ್ಗೆ ಒಂದು ಬಂದಿತ್ತು. ಆಮೇಲೆ ಒಂದೂ ಇರಲಿಲ್ಲ. ಇಷ್ಟು ದಿನ ತನ್ನನ್ನು ಸಮಾಧಾನ ಮಾಡುತ್ತಿದ್ದದ್ದು ಹೆಂಡತಿಯಲ್ಲ, ಮೋಟಾರು. ಅವನು ತಿರುಗಿ ಫೋನ್ ಮಾಡಿದ. ಒಂದು ಸಲ ಪೂರ್ತಿ ಹೊಡೆದುಕೊಂಡು ನಿಂತಿತು. ಇನ್ನೊಂದು ಸಲವೂ ಹಾಗೇ.

“ಕೋನಪ್ಪಾ, ಮಿಲ್ಲು ನೋಡ್ಕೊಳೋ!” ಎಂದದ್ದು ಕೋನಪ್ಪನಿಗೆ ಕೇಳುವ ಹೊತ್ತಿಗೆ ಅವನ ಟಿವಿಎಸ್ ಬೀದಿಯ ತಿರುವು ದಾಟಿತ್ತು.

ಆ ದಾರಿಯನ್ನು ವೆಂಕಟರವಣಪ್ಪ ಆಮೇಲೆ ಎಷ್ಟೋ ಸಲ ವರ್ಣಿಸಿದ್ದಾನೆ. ಶಿಡ್ಲಘಟ್ಟದ ಬಸ್ಸು ಹಿಂದೆ ಬಿದ್ದಿತು, ಗಾಳಿ ಹಿಂದೆ ಬಿದ್ದಿತು, ತನ್ನ ನೆರಳು ಹಿಂದೆ ಬಿದ್ದು ಲೇಔಟಿಗೆ ಅರ್ಧ ಗಂಟೆ ತಡವಾಗಿ ಬಂದು ಸೇರಿತು ಎನ್ನುತ್ತಾನೆ. ದಾರಿಯಲ್ಲಿ ಏನು ಯೋಚಿಸಿದೆ ಎಂದು ಕೇಳಿದರೆ ಮಾತ್ರ ಮಾತು ಬದಲಾಯಿಸುತ್ತಾನೆ. ಮೈಯಿಂದ ಹಾರುತ್ತಿದ್ದ ಹಿಟ್ಟು ಕಣ್ಣಿಗೆ ಬೀಳುತ್ತಿತ್ತು, ಅವನು ಒರೆಸಿಕೊಳ್ಳಲಿಲ್ಲ. “ಉಸಿರು ನಿಂತ್ರೆ ಓಡಿ ಬರೋರು ಯಾರವ್ರೆ” ಎಂಬ ಮಾತನ್ನು ಆ ಹಳೇ ಗಾಡಿಯ ಚಕ್ರಗಳು ಒಂದೇ ಸಮನೆ ಹೇಳುತ್ತಿದ್ದವು.

ಗೇಟು ಹಾರು ಹೊಡೆದಿತ್ತು. ಒಳಗೆ ಮೆಟ್ಟಿಲ ಹತ್ತಿರ, ಒಗೆಯಲು ಹಾಕಿದ್ದ ಬಟ್ಟೆಯ ರಾಶಿಯ ಮೇಲೆ, ಚಂದ್ರಿ ನಿಂತಿತ್ತು. ಅದರ ಕೊಂಬಿಗೆ ಅವನದೇ ಒಂದು ಅಂಗಿ ಸಿಕ್ಕಿಕೊಂಡಿತ್ತು. ಪಡಸಾಲೆಯಲ್ಲಿ ಗೋಡೆಗೊರಗಿ ಆಂಜಿನಮ್ಮ ಕಣ್ಣು ಮುಚ್ಚಿ ಕೂತಿದ್ದಳು. ಪಕ್ಕದಲ್ಲಿ ಕದಿರಮ್ಮ ಅವಳ ಬೆನ್ನು ನೀವುತ್ತಿದ್ದಳು. ವೆಂಕಟರವಣಪ್ಪನಿಗೆ ಹೊಸ್ತಿಲು ದಾಟಲಾಗಲಿಲ್ಲ.

ಆಂಜಿನಮ್ಮ ಕಣ್ಣು ಬಿಟ್ಟಳು. “ಅಲ್ಲೇ ನಿಲ್ಲಿ,” ಎಂದಳು ಮೆಲ್ಲಗೆ. “ಆ ಅಂಗಿ ಬಿಚ್ಚಿ, ಕೈಕಾಲು ತೊಳ್ಕೊಂಡು ಒಳಗೆ ಬನ್ನಿ.”

ಅವನು ಅಂಗಳದಲ್ಲೇ ಅಂಗಿ ಬಿಚ್ಚಿ ಬಿಸಾಡಿ, ನಲ್ಲಿಯ ಕೆಳಗೆ ತಲೆಯೊಡ್ಡಿದ. ಎಷ್ಟೋ ವರ್ಷಗಳ ಮೇಲೆ ಹಗಲು ಹೊತ್ತಿನಲ್ಲಿ ಅವನ ಹುಬ್ಬು ಕಪ್ಪಗೆ ಕಂಡಿತು.

ನಡೆದದ್ದನ್ನು ಕದಿರಮ್ಮ ಹೇಳಿದಳು. “ದಿನಾ ಇಷ್ಟೊತ್ತಿಗೆ ಸಿಪ್ಪೆ ಬಿದ್ದಿರ್ತಿತ್ತು. ಇವತ್ತು ಬಿದ್ದಿಲ್ಲ. ಇದು ಗೇಟಿನ ಹತ್ರ ನಿಂತು ಒಂದೇ ಸಮ ಅಂಬಾ ಅಂತದೆ. ಎಳೆದ್ರೆ ಬರಾಕಿಲ್ಲ. ಗೇಟು ತಳ್ಳಿ ಒಳಗೇ ಹೋಯ್ತು. ಕಂಡೋರ ಮನೆ ಹಾಳು ಮಾಡ್ತದಲ್ಲಾ ಅಂತ ಕೋಲು ತಗೊಂಡು ಹಿಂದೆ ಬಂದ್ರೆ, ಈಯಮ್ಮ ಬಟ್ಟೆ ಗುಡ್ಡೆ ಹತ್ರ ಕೂತವ್ಳೆ, ಬಾಯಿ ತೆಗೀತಾಳೆ, ಮಾತಿಲ್ಲ. ಕೈ ಮಾಡಿ ಬೀರು ಮೇಲೆ ತೋರಿಸಿದ್ಲು. ಆ ಪಂಪು ತೆಗೆದುಕೊಟ್ಟೆ. ಬಿಸಿನೀರು ಕಾಯಿಸಿಕೊಟ್ಟೆ. ಫೋನು ಒದರ್ತಾ ಇತ್ತು, ನನಗೆ ಅದನ್ನ ಎತ್ತಾಕೆ ಬರಾಕಿಲ್ಲಪ್ಪ.”

“ಇಲ್ಲಿ ಧೂಳೇ ಇಲ್ಲವಲ್ಲೇ, ಮತ್ಯಾಕೆ ಬಂತು?” ಎಂದ ವೆಂಕಟರವಣಪ್ಪ.

“ಸಿಪ್ಪೆ ಆಮೇಲೆ ಹಾಕಿದ್ರಾಯ್ತು ಅಂದ್ಕೊಂಡು, ಹಬ್ಬಕ್ಕೆ ಅಂತ ನಿಮ್ಮ ಮಿಲ್ಲಿನ ಅಂಗಿಗಳನ್ನೆಲ್ಲ ಕೊಡವಿ ನೆನೆಹಾಕಣ ಅಂತ ಕೂತೆ. ಇಲ್ಲಿ ಧೂಳಿಲ್ಲ. ನೀವು ದಿನಾ ತರ್ತೀರ.”

ಅವನು ಹೇಳಿದ್ದು ಮತ್ತೆ ಹಳೆಯದನ್ನೇ. “ನಡಿಯೇ, ನಾಳೆ ಬೇಡ, ಇವತ್ತೇ ಹೋಗಣ. ಈಯಮ್ಮ ಬರದೆ ಇದ್ದಿದ್ರೆ? ಹಸು ಆ ಕಡೆ ಹೋಗಿದ್ದಿದ್ರೆ? ಪೇಟೆಯಲ್ಲಾಗಿದ್ರೆ ಗೋಡೆ ಆಚೆ ನಾನು, ಈ ಕಡೆ ಕೋನಪ್ಪ...”

“ಪೇಟೆಯಲ್ಲಾಗಿಲ್ಲ ಅಂತ ಯಾರು ಹೇಳಿದ್ರು?” ಎಂದಳು ಆಂಜಿನಮ್ಮ.

ವೆಂಕಟರವಣಪ್ಪ ತಲೆಯೆತ್ತಿದ.

“ಎಷ್ಟು ಸಲ ಆಗಿದೆಯೋ. ಖಾರ ಬೀಸೋ ದಿನ ಅಂತೂ ತಪ್ಪಿದ್ದಿಲ್ಲ. ಕೂಗೋಕಾಗ್ತಿರಲಿಲ್ಲ, ಸೌಟು ತಗೊಂಡು ಗೋಡೆ ಬಡೀತಿದ್ದೆ. ನೀವು ಆ ಕಡೆಯಿಂದ ‘ಬಂದೆ ಬಂದೆ, ಊಟಕ್ಕೆ ಇನ್ನೂ ಹೊತ್ತೈತೆ’ ಅಂತಿದ್ರಿ. ಈ ಕಡೆ ಗೋಡೆ ಬಡಿದ್ರೆ ಕೋನಪ್ಪಣ್ಣ ಸದ್ದು ಜಾಸ್ತಿ ಆಯ್ತೇನೋ ಅಂತ ರೇಡಿಯೋ ಸಣ್ಣ ಮಾಡೋರು. ಬೀದೀಲಿ ಎಲ್ಲಾ ಕೆಮ್ಮುವಾಗ ನನ್ನ ಕೆಮ್ಮು ಯಾರಿಗೆ ಕೇಳ್ತದೆ? ಹಿತ್ತಿಲಲ್ಲಿ ಕೂತು, ತಾನಾಗಿ ಇಳಿಯೋ ತನಕ ಕಾಯ್ತಿದ್ದೆ.”

“ನನಗೆ ಹೇಳೋದಲ್ವೇನೇ?”

“ಹೇಳೋಕೆ ಉಸಿರು ಬೇಕಲ್ಲ. ಉಸಿರು ಬಂದ್ಮೇಲೆ ಹೇಳೋಕೆ ಏನೂ ಉಳಿದಿರ್ತಿರಲಿಲ್ಲ.”

ಬಸ್ಸಿನೊಳಗಿನ ಸೀನು ಕೇಳಿ ಊರು ಹೇಳಿದ ಮಹಾಶಯ ತನ್ನ ಕಿವಿಗಳನ್ನು ಎರಡು ಕೈಯಿಂದ ಮುಟ್ಟಿ ನೋಡಿಕೊಂಡ. ಇದ್ದವು. ಅಂಗಳದಲ್ಲಿ ಚಂದ್ರಿ ಅವನ ಅಂಗಿಯ ತೋಳನ್ನು ಅಗಿಯಲು ಶುರುಮಾಡಿತ್ತು. ಯಾರೂ ಬಿಡಿಸಿಕೊಳ್ಳಲು ಹೋಗಲಿಲ್ಲ.

ಸ್ವಲ್ಪ ಹೊತ್ತಾದ ಮೇಲೆ ಅವನು ಫೋನ್ ತೆಗೆದು ಬ್ಯಾಂಕಿನ ಹುಡುಗನಿಗೆ ಮಾಡಿದ. “ಸುನೀಲ್‌ಕುಮಾರಪ್ಪಾ, ಮನೆ ಕೊಡೋಕಾಗಲ್ಲ. ನೆಂಟರು ಬಂದಿದ್ರು. ಅವರೇ ಉಳ್ಕೋತಾರಂತೆ.”

ಹಬ್ಬ ಕಳೆದು ಶೂನ್ಯಮಾಸ ಮುಗಿದ ಮೇಲೆ ಉಪ್ಪಿನ ಜಾಡಿ ಟಿವಿಎಸ್‌ನ ಮುಂದೆ ಕೂತು ಲೇಔಟಿಗೆ ಬಂತು. ಮಿಲ್ಲಿನ ಅಂಗಿಗಳಿಗೆ ಮಿಲ್ಲಿನಲ್ಲೇ ಒಂದು ಮೊಳೆ ಹೊಡೆದ. ಪೇಟೆಯ ಅಡುಗೆಮನೆ ಈಗ ಅವನ ಬಚ್ಚಲು. ಸಂಜೆ ಮೈ ತೊಳೆದು, ಬೇರೆ ಬಟ್ಟೆ ಹಾಕಿಕೊಂಡೇ ಗಾಡಿ ಹತ್ತುವುದು. ಖಾರದ ಕೆಲಸಕ್ಕೆ ವಾರದಲ್ಲಿ ಒಂದು ದಿನ ಗೊತ್ತುಮಾಡಿದ. ಗಂಟೆಗೊಂದು ಸಲ ಮೋಟಾರು ನಿಲ್ಲಿಸಿ, ಫೋನ್ ಮಾಡಿ, ಅವಳ ದನಿ ಕೇಳಿ, ಮತ್ತೆ ಹಾಕುತ್ತಾನೆ. ಡಬ್ಬ ಹಿಡಿದು ನಿಂತವರು ಗೊಣಗುತ್ತಾರೆ. ಹೆದರಿಕೆ ಹೋಗಿದೆ ಎಂದಲ್ಲ. ಒಂದು ರಿಂಗು ಹೆಚ್ಚಾದರೆ ಈಗಲೂ ಅವನ ಕಾಲು ತಾನಾಗಿ ಗಾಡಿಯ ಕಡೆ ತಿರುಗುತ್ತದೆ. ಕದಿರಮ್ಮನಿಗೆ ಫೋನು ಎತ್ತುವುದನ್ನು ಕಲಿಸಿದ್ದಾನೆ. ಅವಳು ಎತ್ತಿ ಮೊದಲು ಹಸುವನ್ನು ಬೈದು, ಆಮೇಲೆ “ಹಲೋ” ಅನ್ನುತ್ತಾಳೆ. ಅವರೆಕಾಯಿ ಕಾಲ ಮುಗಿದಿದ್ದರಿಂದ ಚಂದ್ರಿಗೆ ಈಗ ಮಿಲ್ಲಿನಿಂದ ಗೋಧಿ ಬೂಸಾ ಹೋಗುತ್ತದೆ, ಚೀಲ ಬಿಗಿಯಾಗಿ ಕಟ್ಟಿಕೊಂಡು.

ಕೋನಪ್ಪನಿಗೆ ಮಾತ್ರ ಇದನ್ನು ಸಹಿಸಲಾಗಲಿಲ್ಲ. ಪೇಟೆಯ ಸೀನಿನ ಪಂಡಿತ ಬಯಲಿಗೆ ಹೋಗುವುದೆಂದರೇನು! ಒಂದು ಸಂಜೆ, ಮೈ ತೊಳೆದು ಕಪ್ಪು ಹುಬ್ಬಿನಲ್ಲಿ ಹೊರಟವನನ್ನು ಅಂಗಡಿಯ ಮುಂದೆ ನಿಲ್ಲಿಸಿ, ನಾಲ್ಕು ಜನ ಗಿರಾಕಿಗಳ ಎದುರಿಗೇ ಕೇಳಿದ:

“ಏನಪ್ಪಾ ವೆಂಕಟರವಣ, ಹದಿಮೂರು ಮನೆಯೋರು ಓಡಿ ಬರ್ತಾರೆ ಅಂತಿದ್ದೆ. ಕಡೆಗೆ ನಿನ್ನ ಹೆಂಡ್ತಿ ಕಷ್ಟಕ್ಕೆ ಬಂದಿದ್ದು ಒಂದು ಹಸು ಅಂತಲ್ಲ?”

ವೆಂಕಟರವಣಪ್ಪ ಗಾಡಿಯ ಕಿಕ್ಕರಿನ ಮೇಲೆ ಕಾಲಿಟ್ಟು ನಿಂತ.

“ಹೌದು ಕಣೋ, ಒಂದೇ ಒಂದು ಹಸು. ಇಲ್ಲಿ ಅವಳು ಸೌಟು ತಗೊಂಡು ಗೋಡೆ ಬಡಿದಾಗ ನಾವು ಇಬ್ಬರಿದ್ವಿ. ನಾನು ‘ಬಂದೆ’ ಅಂದೆ, ನೀನು ರೇಡಿಯೋ ಸಣ್ಣ ಮಾಡ್ದೆ.”